ಗೇಟಿಗೊಂದು ಸಮಿತಿ ಬೇಕಂತೆ

ಅದೇ ಭಾಷಣ, ಮತ್ತೆ. ಮಡಿಕೇರಿಯಿಂದ ಗೋಣಿಕೊಪ್ಪದವರೆಗೆ ಎಲ್ಲಿ ಮೈಕ್ ಸಿಕ್ಕಿದರೂ ಯಾರಾದರೊಬ್ಬರು ಎದ್ದು ನಿಲ್ಲುತ್ತಾರೆ: ಫ್ಯಾನ್ ಫಿಕ್ಷನ್ ಅಂತೆ, ಯಾರದೋ ಪಾತ್ರಗಳನ್ನು ಎತ್ತಿಕೊಂಡು ಕಂಡಕಂಡವರೆಲ್ಲ ನೆಟ್ಟಿನಲ್ಲಿ ಗೀಚುತ್ತಿದ್ದಾರೆ, ಹೇಳುವವರಿಲ್ಲ ಕೇಳುವವರಿಲ್ಲ, ಇದಕ್ಕೊಂದು ಆಯ್ಕೆ ಸಮಿತಿ ಬೇಕು. ಚಪ್ಪಾಳೆ. ಆಮೇಲೆ ಉಪ್ಪಿಟ್ಟು.

ಎಂಥ ಘನವಾದ ಯೋಚನೆ! ಸಮಿತಿ ಎಂದಮೇಲೆ ಅಧ್ಯಕ್ಷರು, ಅಧ್ಯಕ್ಷರು ಎಂದಮೇಲೆ ಪ್ರಯಾಣಭತ್ಯೆ. ವಿರಾಜಪೇಟೆಯ ಕಾಲೇಜು ಹುಡುಗಿಯೊಬ್ಬಳು ತನ್ನ ಮೆಚ್ಚಿನ ಅನಿಮೆಯ (ಜಪಾನಿ ಕಾರ್ಟೂನಿನ) ನಾಯಕ ಸಾಯಬಾರದಿತ್ತು ಎಂದು ಬೇರೆ ಕೊನೆ ಬರೆದಳು ಅನ್ನಿ. ಡಿಟಿಪಿ ಮಾಡಿಸಿ ಮೂರು ಪ್ರತಿ ಲಗತ್ತಿಸಬೇಕು, ಸ್ವಂತ ರಚನೆ ಎಂದು ದೃಢೀಕರಣ ಬೇಕು. ಪಾತ್ರ ಬೇರೆಯವರದು ತಾನೇ, ಅಲ್ಲೇ ಅರ್ಜಿ ತಿರಸ್ಕೃತ. ಮೇಲ್ಮನವಿ ಇತ್ಯರ್ಥವಾಗುವಷ್ಟರಲ್ಲಿ ಅವಳು ಡಿಗ್ರಿ ಮುಗಿಸಿ ಬೆಂಗಳೂರಲ್ಲಿ ಕೆಲಸಕ್ಕೆ ಸೇರಿರುತ್ತಾಳೆ. ನಾಯಕ ಮಾತ್ರ ಇನ್ನೂ ಸತ್ತೇ ಇರುತ್ತಾನೆ.

ದೂರೇನೂ ಹೊಸದಲ್ಲ ಬಿಡಿ. ರಾಮಾಯಣದ ಕವಿಗಳ ಭಾರಕ್ಕೆ ಆದಿಶೇಷ ತಿಣುಕಿದ, ಕಾಲಿಡಲು ಜಾಗವೇ ಇಲ್ಲ ಎಂದು ಕುಮಾರವ್ಯಾಸನೇ ಹೇಳಿದ್ದಾನೆ. ಹೇಳಿ ಸಮಿತಿ ಕೇಳಿದನೇ? ಪಕ್ಕದ ಫ್ಯಾಂಡಮ್‌ಗೆ, ಅಂದರೆ ಇನ್ನೊಂದು ಕಥೆಯ ಅಭಿಮಾನಿ ಬಳಗಕ್ಕೆ, ಹೋಗಿ ಭಾರತ ಬರೆದ. ಅವನಿಗೂ ಎಷ್ಟೋ ಮೊದಲು, 941ರ ಸುಮಾರಿಗೆ, ಪಂಪ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಕೊಟ್ಟು ಮದುವೆ ಮಾಡಿಸಿದ. ಆ ಅರ್ಜುನನಲ್ಲಿ ತನ್ನ ದೊರೆ ಅರಿಕೇಸರಿಯನ್ನೂ ಬೆರೆಸಿದ. ಇವತ್ತಾಗಿದ್ದರೆ 'ಅರ್ಜುನ/ದ್ರೌಪದಿ', 'ಮೂಲಕ್ಕೆ ವಿರುದ್ಧ', 'ಜೀವಂತ ವ್ಯಕ್ತಿ' ಎಂದು ಮೂರು ಟ್ಯಾಗ್ (ಗುರುತಿನ ಚೀಟಿ) ಬೀಳುತ್ತಿತ್ತು. ಮೂರನೆಯದಕ್ಕೆ ಫ್ಯಾನ್‌ಫಿಕ್ಷನ್ ಡಾಟ್ ನೆಟ್ ಎಂಬ ಕಥಾತಾಣದಲ್ಲಿ ಅವಕಾಶವಿಲ್ಲ. ಆದಿಕವಿಯ ಕೃತಿ ಡಿಲೀಟ್.

ಗೇಟು ಹಾಕಿ ನೋಡಿದ್ದೂ ಆಗಿದೆ. ಹ್ಯಾರಿ ಪಾಟರ್ ಕಾಲದ ಕೆಲವು ತಾಣಗಳಲ್ಲಿ ಬೀಟಾ ಓದುಗರು, ಅಂದರೆ ಪ್ರಕಟಿಸುವ ಮೊದಲೇ ಓದಿ ನೋಡುವವರು, ತಿದ್ದದ ಕಥೆಗೆ ಪ್ರವೇಶವೇ ಇರಲಿಲ್ಲ. ಫ್ಯಾನ್‌ಫಿಕ್ಷನ್ ಡಾಟ್ ನೆಟ್ 2002ರಲ್ಲಿ ವಯಸ್ಕರ ಕಥೆಗಳನ್ನು ಗುಡಿಸಿ ಹಾಕಿತು. ಉಳಿದವುಗಳ ಕಾಗುಣಿತ ಇದ್ದ ಹಾಗೇ ಇತ್ತು. 2007ರಲ್ಲಿ ಲೈವ್‌ಜರ್ನಲ್ ಎಂಬ ಬ್ಲಾಗ್ ತಾಣ ಬಳಕೆದಾರರ ಆಸಕ್ತಿಪಟ್ಟಿಯಲ್ಲಿದ್ದ ಪದಗಳನ್ನು ನೋಡಿ ನೂರಾರು ಖಾತೆ ಅಳಿಸಿತು. ಲೈಂಗಿಕ ದೌರ್ಜನ್ಯದಿಂದ ಪಾರಾದವರ ಬೆಂಬಲ ಗುಂಪುಗಳೂ ಅದರಲ್ಲಿ ಹೋದವು. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಓದದೆ ಕತ್ತರಿ ಆಡಿಸುವವರು ಯಾವ ದೇಶದಲ್ಲಿದ್ದರೂ ಮೊದಲು ಕತ್ತರಿಸುವುದು ತಪ್ಪಾದ ಕೊಂಬೆಯನ್ನೇ.

ಅದೇ ರಗಳೆಗಳ ಕಾಲದಲ್ಲಿ ಹುಟ್ಟಿ 2009ರಲ್ಲಿ ತೆರೆದ ಆರ್ಕೈವ್ ಆಫ್ ಅವರ್ ಓನ್ ಎಂಬ ಫ್ಯಾನ್ ಫಿಕ್ಷನ್ ತಾಣ ಗೇಟಿನ ಗೊಡವೆ ಬಿಟ್ಟು, ಟ್ಯಾಗ್ ನೋಡಿ ಬೇರೆ ಮಾಡುವ ಜರಡಿ ಹಿಡಿಯಿತು. ಕಾಫಿಯವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಕ್ಯೂರಿಂಗ್‌ನಲ್ಲಿ ಬೀಜವನ್ನು ಎಎ, ಎ, ಬಿ, ಪಿಬಿ ದರ್ಜೆಗಳೆಂದು ಬೇರೆ ಮಾಡುತ್ತಾರೆ. ಕರಿ, ಕಂದು, ಚೂರೆಲ್ಲ ಬಿಬಿಬಿ ಚೀಲಕ್ಕೆ. ಅದಕ್ಕೂ ಗಿರಾಕಿ ಇದ್ದಾನೆ. ಜಗಳ ಹುಟ್ಟುವುದು ಬಿಬಿಬಿಯನ್ನು ಎಎ ಚೀಲಕ್ಕೆ ತುಂಬಿ ಬಾಯಿ ಹೊಲಿದಾಗ.

ಆರ್ಕೈವ್‌ನಲ್ಲೂ ಎಡವುವುದು ಚೀಟಿಯಲ್ಲೇ. 'ಎಚ್ಚರಿಕೆಗಳು ಅನ್ವಯಿಸುವುದಿಲ್ಲ' ಅಂದರೆ ಮುಖ್ಯ ಪಾತ್ರದ ಸಾವು, ಅತ್ಯಾಚಾರ, ಘೋರ ಹಿಂಸೆ ಇತ್ಯಾದಿ ಒಳಗಿಲ್ಲ. 'ಲೇಖಕರು ಎಚ್ಚರಿಕೆ ಬಳಸಿಲ್ಲ' ಅಂದರೆ ಒಳಗೆ ಏನು ಬೇಕಾದರೂ ಇರಬಹುದು. ಎರಡನ್ನೂ ಒಂದೇ ಎಂದುಕೊಂಡು ಒಳಹೊಕ್ಕು ಬೊಬ್ಬೆ ಹೊಡೆಯುವವರೇ ಜಾಸ್ತಿ. ಒಂದು ಕಥೆಗೆ ಸಾವಿರಗಟ್ಟಲೆ ಟ್ಯಾಗ್ ಅಂಟಿಸಿ ಬೆರಳು ಸವೆಯುವ ತನಕ ಸ್ಕ್ರೋಲ್ ಮಾಡಿಸಿದ ಮಹನೀಯರೂ ಇದ್ದರು. 2021ರಲ್ಲಿ 75ಕ್ಕೆ ಮಿತಿ ಬಂತು. ಒಂದೇ ಮಾತನ್ನು ಹತ್ತು ಬಗೆಯಲ್ಲಿ ಬರೆದ ಟ್ಯಾಗ್‌ಗಳನ್ನು ಕೂತು ಒಂದಕ್ಕೊಂದು ಜೋಡಿಸುವವರು ಸ್ವಯಂಸೇವಕರು. ಸಂಬಳ ಇಲ್ಲ, ಹಾರ ಇಲ್ಲ, ಉಪ್ಪಿಟ್ಟೂ ಇಲ್ಲ.

ಓದುಗ ಮಾಡಬೇಕಾದದ್ದು ಎರಡು ನಿಮಿಷದ ಕೆಲಸ. ಫಿಲ್ಟರ್ ತೆರೆದು ಬೇಡದ ಟ್ಯಾಗನ್ನು ಹೊರಗಿಡಿ. 'ಮುಗಿದದ್ದು ಮಾತ್ರ' ಒತ್ತಿ, ಇಲ್ಲವಾದರೆ ವರ್ಷಗಟ್ಟಲೆ ಹಿಂದೆ ಮೂರನೇ ಅಧ್ಯಾಯಕ್ಕೆ ನಿಂತ ಕಥೆಯ ಬಾಗಿಲಲ್ಲಿ ಕಾಯುತ್ತೀರಿ. ಹಿಟ್ಸ್ (ಕಥೆ ಎಷ್ಟು ಸಲ ತೆರೆದರು ಎಂಬ ಲೆಕ್ಕ) ನಂಬಬೇಡಿ, ಅಧ್ಯಾಯ ಸೇರಿಸಿದಷ್ಟೂ ಅದು ಏರುತ್ತದೆ. ಕುಡೋಸ್, ಅಂದರೆ ಮೆಚ್ಚುಗೆಯ ಗುಂಡಿ, ಒಂದು ಕಥೆಗೆ ಒಬ್ಬರಿಂದ ಒಂದೇ ಸಲ. ಹಾಗಾಗಿ ಹಳೆಯ, ಜನಪ್ರಿಯ ಜೋಡಿಯ ಕಥೆಗಳೇ ಮೇಲೆ ತೇಲುತ್ತವೆ, ಮೊನ್ನೆ ಬಂದ ಒಳ್ಳೆಯದು ಅಡಿಗೆ ಬೀಳುತ್ತದೆ. ಬುಕ್‌ಮಾರ್ಕ್ ಪ್ರಕಾರ ಜೋಡಿಸಿ ನೋಡಿ. ಇಷ್ಟವಾದ ಕಥೆ ಸಿಕ್ಕರೆ ಅದನ್ನು ಬರೆದವರು ಏನೇನು ಬುಕ್‌ಮಾರ್ಕ್ ಮಾಡಿದ್ದಾರೆ ಅಂತ ಇಣುಕಿ. ಯಾವ ಸಮಿತಿಯೂ ಇಷ್ಟು ಒಳ್ಳೆಯ ಶಿಫಾರಸು ಮಾಡಲಾರದು.

ಹೂಂ, ಕಸ ಇದೆ. ರಾಶಿ ರಾಶಿ ಇದೆ. ಇನ್ನೊಬ್ಬರ ಕಥೆಗೆ ತಮ್ಮ ಹೆಸರು ಹಾಕಿಕೊಳ್ಳುವ ಕಳ್ಳರಿದ್ದಾರೆ. ಅವರ ಬಗ್ಗೆ ವೇದಿಕೆಯಲ್ಲಿ ಒಬ್ಬರೂ ಉಸಿರೆತ್ತಿಲ್ಲ. ಬೈಸಿಕೊಳ್ಳುವುದು ಮಾತ್ರ ಯಾವಾಗಲೂ ಆ ಕಾಲೇಜು ಹುಡುಗಿಯೇ. ಸಾಕಾಗಿ ಹೋಗಿದೆ ಸ್ವಾಮಿ.

ಅಂದ ಹಾಗೆ, ಪ್ರತಿ ಕಥೆಯಲ್ಲೂ ಡೌನ್‌ಲೋಡ್ ಗುಂಡಿ ಇದೆ, ಇ-ಪಬ್ ಆಗಿ ಫೋನಿಗೆ ಇಳಿಯುತ್ತದೆ. ಕಕ್ಕಡ ತಿಂಗಳ ಮಳೆ ಹಿಡಿಯುವ ಮೊದಲೇ ಹತ್ತಿಪ್ಪತ್ತು ಇಳಿಸಿಕೊಂಡು ಪವರ್‌ಬ್ಯಾಂಕ್ ಚಾರ್ಜ್ ಮಾಡಿಡಿ. ಆ ಮಳೆಗೆ ಕರೆಂಟು ಹೋದರೆ ವಾರಗಟ್ಟಲೆ ಬರುವುದಿಲ್ಲ. ಮೈಕೂ ಓಡುವುದಿಲ್ಲ.