ಉಳ್ಳಾಗಡ್ಡಿ ಯಾರಿಗೆ ಎಸೆನ್ಷಿಯಲ್?

‘ಎಸೆನ್ಷಿಯಲ್’ ಅನ್ನೋ ಇಂಗ್ಲಿಷ್ ಪದ ನಮ್ಮ ಕಡೆ ಹಳ್ಳಿ ಕಟ್ಟೆವರೆಗೂ ಬಂದಿದ್ದು 2020ರ ಲಾಕ್‌ಡೌನ್‌ನಲ್ಲಿ. ಹಾಲಿನ ಗಾಡಿ, ಕಾಯಿಪಲ್ಲೆ ಗಾಡಿ, ಔಷಧಿ ಗಾಡಿ ಎಸೆನ್ಷಿಯಲ್ ಅಂತ ಪೊಲೀಸರು ಬಿಡುತ್ತಿದ್ದರು. ಮಾಸ್ಕ್, ಸ್ಯಾನಿಟೈಸರ್ ಕೂಡ ಆ ವರ್ಷ ಮಾರ್ಚ್‌ನಿಂದ ಜೂನ್ ಕೊನೆವರೆಗೆ ಸರ್ಕಾರದ ಅಗತ್ಯ ವಸ್ತುಗಳ ಪಟ್ಟಿಯಲ್ಲಿದ್ದವು. ಅದಿಲ್ಲದಿದ್ದರೆ ಬದುಕು ನಡೆಯೋದಿಲ್ಲ ಅನ್ನೋದು ಆ ಪದದ ಅರ್ಥ. ಇದು ಎಲ್ಲರಿಗೂ ಗೊತ್ತು. ಆದರೆ ಗದಗ, ರೋಣ, ನರಗುಂದ ಕಡೆ ಉಳ್ಳಾಗಡ್ಡಿ ಬೆಳೆಯುವವರು ಆ ಪದ ಕಿವಿಗೆ ಬಿದ್ದ ಕೂಡಲೇ ಹೇಳೋದು ಒಂದೇ ಮಾತು: ‘ಆತು, ಇನ್ನ ರೇಟ್ ಬೀಳ್ತೈತಿ.’

ಇದಕ್ಕೆ ಕಾರಣ ಇದೆ. 1955ರ ಅಗತ್ಯ ವಸ್ತುಗಳ ಕಾಯ್ದೆ ಪ್ರಕಾರ ಆಹಾರ ಪದಾರ್ಥ, ಗೊಬ್ಬರ, ಔಷಧಿ, ಪೆಟ್ರೋಲ್, ಬೀಜ ಇವೆಲ್ಲ ಅಗತ್ಯ ವಸ್ತುಗಳು. ಯಾರು ಎಷ್ಟು ದಾಸ್ತಾನು ಇಡಬಹುದು ಅಂತ ಸರ್ಕಾರ ಮಿತಿ ಹಾಕಬಹುದು. ಮೀರಿದರೆ 7 ವರ್ಷದವರೆಗೆ ಜೈಲು. ಕಾಯ್ದೆಯ ಉದ್ದೇಶದ ಬಗ್ಗೆ ನನಗೆ ತಕರಾರಿಲ್ಲ. ಗೋದಾಮಿನಲ್ಲಿ ಮುಚ್ಚಿಟ್ಟು ಬಡವರ ಹೊಟ್ಟೆ ಮೇಲೆ ಹೊಡೆಯುವವರನ್ನು ಹಿಡಿಯಲೇಬೇಕು. ಬಿಸಿ ರೊಟ್ಟಿ ಜೊತೆ ಗುದ್ದಿ ಒಡೆದ ಹಸಿ ಉಳ್ಳಾಗಡ್ಡಿ ಇಲ್ಲದೆ ನಮ್ಮಲ್ಲಿ ಎಷ್ಟು ಮನೆಗಳ ಊಟ ಆಗುತ್ತದೆ ಹೇಳಿ? ಗಿರ್ಮಿಟ್ ಅಂಗಡಿಯವರಿಗಂತೂ ಅದಿಲ್ಲದೆ ವ್ಯಾಪಾರವೇ ಇಲ್ಲ.

ನನ್ನ ಸಿಟ್ಟು ಇರೋದು ಆ ಪದವನ್ನು ಬಳಸೋ ರೀತಿ ಬಗ್ಗೆ. ಬೆಲೆ ಏರಿದಾಗ ಮಾತ್ರ ಉಳ್ಳಾಗಡ್ಡಿ ಎಸೆನ್ಷಿಯಲ್ ಆಗುತ್ತದೆ. ಬಿದ್ದಾಗ ಆ ಪದ ಯಾರ ಬಾಯಲ್ಲೂ ಬರೋದಿಲ್ಲ.

ದಿನಾಂಕಗಳನ್ನೇ ನೋಡಿ. 2019ರ ಸೆಪ್ಟೆಂಬರ್ ಕೊನೆಗೆ ರಫ್ತು ನಿಷೇಧ. 2020ರ ಸೆಪ್ಟೆಂಬರ್ 14ಕ್ಕೆ ಮತ್ತೆ ನಿಷೇಧ. 2023ರ ಆಗಸ್ಟ್‌ನಲ್ಲಿ ರಫ್ತಿಗೆ ಶೇ. 40 ಸುಂಕ, ಡಿಸೆಂಬರ್ 8ಕ್ಕೆ ಪೂರ್ತಿ ಬಂದ್. ಆ ಬಂದ್ ತೆಗೆದಿದ್ದು 2024ರ ಮೇನಲ್ಲಿ. ರಫ್ತಿನ ಕಾನೂನು ಬೇರೆ, ನಿಜ. ಆದರೆ ಹಿಂದಿರುವ ಯೋಚನೆ ಒಂದೇ: ಮಾಲು ಇಲ್ಲೇ ಉಳಿದು ಬೆಲೆ ಇಳಿಯಲಿ ಅನ್ನೋದು. ಮುಂಗಾರಿಗೆ ಬಿತ್ತಿದ ನಮ್ಮ ಎರಿ (ಕಪ್ಪು ಮಣ್ಣಿನ) ಹೊಲದ ಉಳ್ಳಾಗಡ್ಡಿ ಮಾರುಕಟ್ಟೆಗೆ ಬರೋದು ಸರಿಯಾಗಿ ಸೆಪ್ಟೆಂಬರ್‌ನಿಂದ ಡಿಸೆಂಬರ್ ಒಳಗೆ. ಪ್ರತಿ ಸಲ ಪೆಟ್ಟು ಬಿದ್ದಿದ್ದು ಆಗಲೇ ಅಥವಾ ಅದರ ಹೊಸ್ತಿಲಲ್ಲೇ.

‘ಸ್ವಲ್ಪ ದಿನ ಇಟ್ಟುಕೊಂಡು ಮಾರಬಹುದಲ್ವಾ’ ಅಂತ ಪೇಟೆಯ ಗೆಳೆಯರು ಕೇಳುತ್ತಾರೆ. ಇಡೋಕಾಗಲ್ಲ ಸ್ವಾಮಿ. ನಾಸಿಕ್ ಕಡೆಯ ಹಿಂಗಾರಿ ಗಡ್ಡೆ ನಾಲ್ಕೈದು ತಿಂಗಳು ತಡೆಯುತ್ತದೆ. ನಮ್ಮ ಮುಂಗಾರಿ ಗಡ್ಡೆಯಲ್ಲಿ ನೀರಿನಂಶ ಜಾಸ್ತಿ. ಕೀಳುವ ಹೊತ್ತಿಗೆ ಮಳೆ ಹಿಡಿದರಂತೂ ಮುಗಿಯಿತು. ಹುಬ್ಬಳ್ಳಿ ಅಮರಗೋಳದ ಎಪಿಎಂಸಿಯಲ್ಲಿ ಒಂದು ಬೆಳಿಗ್ಗೆ ನಿಂತು ನೋಡಿ. ಖರೀದಿದಾರ ಚೀಲದ ಬಾಯಿ ಬಿಚ್ಚುತ್ತಾನೆ, ನಡುವಿನಿಂದ ಒಂದು ಗಡ್ಡೆ ಎತ್ತುತ್ತಾನೆ, ಕುತ್ತಿಗೆ ಹತ್ತಿರ ಹೆಬ್ಬೆರಳಿನಿಂದ ಒತ್ತುತ್ತಾನೆ. ಮೆತ್ತಗಿದ್ದರೆ ಮಾತಾಡದೆ ಮುಂದಿನ ರಾಶಿಗೆ ಹೋಗುತ್ತಾನೆ. ಬಿತ್ತನೆ, ಎಡೆ ಹೊಡೆದದ್ದು, ಕಳೆ ತೆಗೆಸಿದ್ದು, ಕಿತ್ತು ಕೊಯ್ಯಿಸಿದ ಆಳಿನ ಕೂಲಿ, ಲಾರಿ ಬಾಡಿಗೆ ಎಲ್ಲ ಆ ಹೆಬ್ಬೆರಳಿನ ಕೆಳಗೆ ಇರುತ್ತದೆ. ರೈತ ಅಲ್ಲೇ ನಿಂತಿರುತ್ತಾನೆ, ಅವನ ಮುಖ ಯಾರೂ ನೋಡೋದಿಲ್ಲ.

ದಾಸ್ತಾನು ಮಿತಿ ಹಾಕಿದ್ದು ವ್ಯಾಪಾರಿಗೆ, ರೈತನಿಗಲ್ಲ ಅನ್ನುತ್ತಾರೆ. 2020ರ ಅಕ್ಟೋಬರ್‌ನಲ್ಲಿ ಸಗಟು ವ್ಯಾಪಾರಿಗೆ 25 ಟನ್ ಮಿತಿ ಬಂತು. 50 ಕಿಲೋ ಚೀಲದ ಲೆಕ್ಕದಲ್ಲಿ 500 ಚೀಲ, ಒಂದೆರಡು ಲಾರಿ ಲೋಡು. ಗೋದಾಮು ತುಂಬಿದ ವ್ಯಾಪಾರಿ ಹರಾಜಿನ ಸವಾಲಿನಲ್ಲಿ ಕೈ ಎತ್ತೋದೇ ಇಲ್ಲ. ಆಗ ಲುಕ್ಸಾನು ಯಾರಿಗೆ?

ಕಿಲೋಗೆ ನೂರು ರೂಪಾಯಿ ದಾಟಿದಾಗ ರೈತ ಹಣ ಮಾಡಿಕೊಂಡ ಅನ್ನೋ ಮಾತೂ ಇದೆ. 2019ರ ಡಿಸೆಂಬರ್‌ನಲ್ಲಿ ಹಾಗೆ ದಾಟಿತ್ತು. ಅದೇ ವರ್ಷ ಆಗಸ್ಟ್‌ನಲ್ಲಿ ಮಲಪ್ರಭಾ ಉಕ್ಕಿ ನರಗುಂದ, ರೋಣ ಭಾಗದ ಹೊಲಗಳು ನೀರಲ್ಲಿ ನಿಂತಿದ್ದವು. ಬೆಳೆ ಇಲ್ಲದ್ದಕ್ಕೇ ಬೆಲೆ ಏರಿತ್ತು. ಹೊಲವೇ ಕೊಳೆತವನಿಗೆ ಆ ನೂರು ರೂಪಾಯಿ ಎಲ್ಲಿಂದ ಬರಬೇಕು?

ಪೇಟೆಯ ಜನ ದುಬಾರಿ ಉಳ್ಳಾಗಡ್ಡಿ ತಿನ್ನಲಿ ಅಂತ ನಾನು ಹೇಳುತ್ತಿಲ್ಲ. ನಾನೂ ಹುಬ್ಬಳ್ಳಿಯಲ್ಲಿ ಕೊಂಡು ತಿನ್ನುವವನೇ. ಬೆಲೆ ಇಳಿಸೋಕೆ ಸರ್ಕಾರದ ಹತ್ತಿರ ದುಡ್ಡಿನ ದಾರಿಯೂ ಇದೆ. ಬೆಲೆ ಸ್ಥಿರೀಕರಣ ನಿಧಿಯಿಂದ ನಾಫೆಡ್, ಎನ್‌ಸಿಸಿಎಫ್ ಅನ್ನೋ ಸಹಕಾರಿ ಸಂಸ್ಥೆಗಳು ಉಳ್ಳಾಗಡ್ಡಿ ಕೊಂಡು ಇಡುತ್ತವೆ. 2023ರಲ್ಲಿ ಆ ದಾಸ್ತಾನಿನ ಗುರಿಯನ್ನು 5 ಲಕ್ಷ ಟನ್‌ಗೆ ಏರಿಸಿದ್ದರು. ಖರೀದಿ ಬಹುಪಾಲು ಮಹಾರಾಷ್ಟ್ರದ ಹಿಂಗಾರಿ ಗಡ್ಡೆಯದು, ತಡೆಯುವ ಮಾಲು ಅದೇ ಆದ್ದರಿಂದ. ಸರಿ, ಒಪ್ಪೋಣ. ಆದರೆ ತಡೆಯದ ಗಡ್ಡೆ ಬೆಳೆಯುವವನಿಗೆ ಏನು? ಉಳ್ಳಾಗಡ್ಡಿಗೆ ಕನಿಷ್ಠ ಬೆಂಬಲ ಬೆಲೆ ಇಲ್ಲ. ಬೇಗ ಕೆಡುವ ಬೆಳೆಗೆ ಅಂತಲೇ, ಬೆಲೆ ಕುಸಿದಾಗ ಸರ್ಕಾರ ಕೈ ಹಿಡಿಯುವ ಮಾರುಕಟ್ಟೆ ಮಧ್ಯಪ್ರವೇಶ ಯೋಜನೆ ಇದೆ. ಬೆಲೆ ನೆಲ ಕಚ್ಚಿ, ರೈತರು ರಸ್ತೆಗೆ ಉಳ್ಳಾಗಡ್ಡಿ ಸುರಿದ ಮೇಲೆ ಅದರ ಫೈಲು ಓಡಾಡಿದರೆ ಏನು ಬಂತು?

ನಾನು ಕೇಳೋದು ಇಷ್ಟು. ಬಿತ್ತನೆ ಆದ ಮೇಲೆ ಆ ಹಂಗಾಮಿನ ನಡುವೆ ರಫ್ತು ನಿಯಮ ಬದಲಿಸಬೇಡಿ. ಬದಲಿಸಲೇಬೇಕಾದರೆ ಅದೇ ಆದೇಶದಲ್ಲಿ ಗದಗ, ಹುಬ್ಬಳ್ಳಿ ಎಪಿಎಂಸಿಗಳಲ್ಲಿ ಯಾವ ದರಕ್ಕೆ, ಯಾವತ್ತಿನಿಂದ ಖರೀದಿ ಅನ್ನೋದನ್ನೂ ಬರೆಯಿರಿ. ನಮ್ಮ ಎಂಪಿ, ಎಂಎಲ್‌ಎಗಳು ಇದನ್ನು ಜೂನ್‌ನಲ್ಲೇ ಕೇಳಬೇಕು. ಗಡ್ಡೆ ಕೀಳುವಾಗ ಕೇಳಿದರೆ ತಡವಾಗಿರುತ್ತದೆ.