ಅನುಮಾನಿಸುವುದು ಹೇಗೆ? ಐದು ಅಂಕಗಳಿಗೆ ಉತ್ತರಿಸಿ

ಹಾಸನದ ಕಾಲೇಜೊಂದರಲ್ಲಿ ‘ಡಿಜಿಟಲ್ ಯುಗದಲ್ಲಿ ಮಾಹಿತಿ ಸಾಕ್ಷರತೆ’ ಎಂಬ ಒಂದು ದಿನದ ಕಾರ್ಯಾಗಾರ ನಡೆಯಿತು. ವಿದ್ಯಾರ್ಥಿಗಳು ಬಾಗಿಲಲ್ಲೇ ಮೊಬೈಲ್‌ಗಳನ್ನು ರಟ್ಟಿನ ಪೆಟ್ಟಿಗೆಗೆ ಹಾಕಿ ಒಳಗೆ ಹೋಗಬೇಕಿತ್ತು. ಹೀಗೆ ಡಿಜಿಟಲ್ ಯುಗ ಪೆಟ್ಟಿಗೆಯಲ್ಲಿ ಉಳಿಯಿತು, ಸಾಕ್ಷರತೆ ಸಭಾಂಗಣ ಸೇರಿತು. ಊಟಕ್ಕೆ ಮುನ್ನ ಮೊಬೈಲ್‌ಗಳನ್ನು ಮರಳಿಸಿದರು. ಜಿಪಿಎಸ್ ಮುದ್ರೆಯಿರುವ ಫೋಟೊ ಬೇಕಿತ್ತಲ್ಲ! ಅಕ್ಷಾಂಶ, ರೇಖಾಂಶಗಳಿಲ್ಲದ ಜ್ಞಾನ ಕಡತಕ್ಕೆ ಸೇರುವುದಿಲ್ಲ.

ಸಂಪನ್ಮೂಲ ವ್ಯಕ್ತಿಗಳು ಅಮೆರಿಕದ ಕಾಲೇಜು ಮತ್ತು ಸಂಶೋಧನಾ ಗ್ರಂಥಾಲಯಗಳ ಸಂಘ 2000ದಲ್ಲಿ ಹೊರತಂದ ಮಾಹಿತಿ ಸಾಕ್ಷರತೆಯ ಐದು ಮಾನದಂಡಗಳನ್ನೂ ಅವುಗಳ 22 ಸೂಚಕಗಳನ್ನೂ ಪರದೆ ನೋಡಿ ಓದಿದರು. ಮಕ್ಕಳು ಬರೆದುಕೊಂಡರು. ಆ ಸಂಘವೇ ಈ ಮಾನದಂಡಗಳನ್ನು 2016ರಲ್ಲಿ ರದ್ದು ಮಾಡಿದೆ. ಮಾಹಿತಿಯನ್ನು ಪರಿಶೀಲಿಸಿ ನಂಬಬೇಕು ಎಂದು ಕಲಿಸುವ ಸ್ಲೈಡಿಗೆ ಆ ಸುದ್ದಿ ಇನ್ನೂ ತಲುಪಿಲ್ಲ. ತಲುಪದಿರುವುದೇ ಕ್ಷೇಮ ಎನ್ನಿ. ಮಾನದಂಡಗಳ ಜಾಗಕ್ಕೆ ಬಂದ ಹೊಸ ಚೌಕಟ್ಟು ಅಪಾಯಕಾರಿ: ಯಾರ ಮಾತು ಪ್ರಮಾಣ ಎಂಬುದು ಸಂದರ್ಭವನ್ನು ಅವಲಂಬಿಸುತ್ತದಂತೆ, ವಿದ್ವತ್ತು ಎಂದರೆ ನಿಲ್ಲದ ಸಂವಾದವಂತೆ, ವಿದ್ಯಾರ್ಥಿ ಮಾಹಿತಿಯನ್ನು ಪಡೆಯುವವನಷ್ಟೇ ಅಲ್ಲದೆ ಸೃಷ್ಟಿಸುವವನೂ ಹೌದಂತೆ! ಇದನ್ನೆಲ್ಲ ಹೇಳಿಬಿಟ್ಟರೆ ನೋಟ್ಸ್ ಬರೆಸುವುದು ಹೇಗೆ?

ಮಧ್ಯಾಹ್ನ ಸುಳ್ಳು ಸುದ್ದಿಯ ಅಧಿವೇಶನ. ನಮ್ಮ ರಾಷ್ಟ್ರಗೀತೆಯನ್ನು ಯುನೆಸ್ಕೊ ಜಗತ್ತಿನಲ್ಲೇ ಶ್ರೇಷ್ಠವೆಂದು ಘೋಷಿಸಿದೆ ಎಂಬ ಹಳೆಯ ಸಂದೇಶವನ್ನು ತೋರಿಸಿ, “ಯುನೆಸ್ಕೊ ಎಂದು ಕಂಡರೆ ಕಣ್ಣು ಮುಚ್ಚಿ ಅಳಿಸಿ” ಎಂದು ಸಲಹೆ ಕೊಟ್ಟರು. ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ಅದೇ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿವೆ. ಈ ಸಲಹೆಯ ಪ್ರಕಾರ ಅವನ್ನೂ ಅಳಿಸಬೇಕಾಗುತ್ತದೆ. ಕಣ್ಣು ಮುಚ್ಚಿ ನಂಬುತ್ತಿದ್ದವರಿಗೆ ಕಣ್ಣು ಮುಚ್ಚಿ ಅಳಿಸಲು ಕಲಿಸಿದ್ದೇ ದಿನದ ಸಾಧನೆ.

ಕೊನೆಯಲ್ಲಿ ‘ಸಹಭಾಗಿತ್ವದ ಕಲಿಕೆ’. ಪ್ರತಿ ಗುಂಪಿಗೆ ಹಂಚಿಕೊಂಡು ಬರೆಯುವ ಒಂದು ಆನ್‌ಲೈನ್ ಕಡತ, ವಿಷಯ ‘ನಮ್ಮ ಜಿಲ್ಲೆಯ ಹೆಮ್ಮೆ’. ಸಹಭಾಗಿತ್ವದ ನಿಯಮ ಎಲ್ಲ ಕಾಲೇಜುಗಳಲ್ಲೂ ಒಂದೇ: ಒಬ್ಬಳು ಬರೆಯುತ್ತಾಳೆ, ಒಬ್ಬ ಶೀರ್ಷಿಕೆಗೆ ಬಣ್ಣ ಹಚ್ಚುತ್ತಾನೆ, ಉಳಿದವರು ಹೆಸರು ಸೇರಿಸುತ್ತಾರೆ. ಬರೆಯುವ ಪಾಳಿ ಬಂದದ್ದು ಬೇಲೂರು ತಾಲ್ಲೂಕಿನ ಹುಡುಗಿಗೆ. ಎಡವಟ್ಟಾದದ್ದು ಅಲ್ಲೇ. ಆಕೆ ಕಾರ್ಯಾಗಾರವನ್ನು ಗಂಭೀರವಾಗಿ ತೆಗೆದುಕೊಂಡಿದ್ದಳು.

ತನ್ನದೇ ತಾಲ್ಲೂಕಿನ ಶಾಸನದ ಬಗ್ಗೆ ‘ಹಲ್ಮಿಡಿ ಶಾಸನ, ಕ್ರಿ.ಶ. 450, ಕನ್ನಡದ ಮೊದಲ ಶಾಸನ’ ಎಂದು ಗೈಡ್‌ನಲ್ಲಿದ್ದುದನ್ನು ಇಳಿಸಿಕೊಂಡಿದ್ದರೆ ಐದು ನಿಮಿಷದ ಕೆಲಸ. ಆಕೆ ಗೈಡ್ ಮುಚ್ಚಿಟ್ಟು, ಬೇರೆ ಮೂಲಗಳು ಏನು ಹೇಳುತ್ತವೆಂದು ಹುಡುಕಿದಳು. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧಕರು ಗಮನಿಸಿದ್ದೂ ಇದನ್ನೇ: ವೃತ್ತಿಪರ ಸತ್ಯಶೋಧಕರು ಒಂದು ಪುಟವನ್ನು ಅದರೊಳಗೇ ಕುಳಿತು ಅಳೆಯದೆ ಬೇಗನೆ ಹೊರಗೆ ಬಂದು ಬೇರೆಡೆ ವಿಚಾರಿಸುತ್ತಾರೆ. ವಿಚಾರಿಸಿದಾಗ ಆಕೆಗೆ ಸಿಕ್ಕಿದ್ದು ಇಷ್ಟು. ಶಾಸನವನ್ನು 1936ರಲ್ಲಿ ಬೆಳಕಿಗೆ ತಂದವರು ಪುರಾತತ್ವಜ್ಞ ಎಂ.ಎಚ್. ಕೃಷ್ಣ. ಕಲ್ಲಿನ ಮೇಲೆ ಇಸವಿಯೇ ಇಲ್ಲ. 450 ಎನ್ನುವುದು ವಿದ್ವಾಂಸರ ಅಂದಾಜು. ಶಿವಮೊಗ್ಗ ಜಿಲ್ಲೆಯ ತಾಳಗುಂದದಲ್ಲಿ ಉತ್ಖನನದ ವೇಳೆ ದೊರೆತ ಸಿಂಹಕಟಾಂಜನ ಶಾಸನವನ್ನು ಸುಮಾರು 370ಕ್ಕೆ ಸೇರಿಸಿ, ಅದೇ ಹಳೆಯದು ಎನ್ನುವವರಿದ್ದಾರೆ. ಆಕೆ ಇದಿಷ್ಟನ್ನೂ ಬರೆದು, ‘ಚರ್ಚೆ ನಡೆದಿದೆ’ ಎಂದು ಸೇರಿಸಿದಳು. ಮರ್ಯಾದೆಯಾಗಿಯೇ ಬರೆದಿದ್ದಳು.

ಉಪನ್ಯಾಸಕರು ಅವಳನ್ನು ಕರೆಸಿದರು. “ನಮ್ಮ ಜಿಲ್ಲೆಯ ಹೆಮ್ಮೆ ಎಂದು ವಿಷಯ ಕೊಟ್ಟರೆ ಶಿವಮೊಗ್ಗದ ಹೆಮ್ಮೆ ಬರೆದಿದ್ದೀಯಲ್ಲಮ್ಮ?”

“ಸರ್, ಪರಿಶೀಲಿಸಿ ಎಂದು ನೀವೇ ಹೇಳಿದಿರಿ.”

“ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನು ಪರಿಶೀಲಿಸು ಎಂದೆ. ಸಿಲಬಸ್‌ನಲ್ಲಿ ಇರುವುದನ್ನಲ್ಲ.”

ಆಕೆ ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನೇ ಪರಿಶೀಲಿಸಲು ಹೊರಟಳು. ತರಗತಿಯ ಗುಂಪಿನಲ್ಲಿ ಅದೇ ಉಪನ್ಯಾಸಕರು ಪ್ರತಿದಿನ ಬೆಳಿಗ್ಗೆ ಹಾಕುವ ಆರೋಗ್ಯ ಸಲಹೆಗಳ ಮೇಲೆ, ಅನೇಕ ಬಾರಿ ರವಾನೆಯಾದದ್ದು ಎಂದು ತಿಳಿಸುವ ಜೋಡಿ ಬಾಣದ ಗುರುತು ಇರುತ್ತದೆ. ಬಿಸಿನೀರಿಗೆ ನಿಂಬೆಹಣ್ಣು ಹಿಂಡಿ ಕುಡಿದರೆ ಕ್ಯಾನ್ಸರ್ ವಾಸಿಯಾಗುತ್ತದೆ ಎಂಬ ಸಂದೇಶದ ಕೆಳಗೆ ಆಕೆ, “ಇದಕ್ಕೆ ಆಧಾರವೇನು ಸರ್?” ಎಂದು ಕೇಳಿದಳು. ಸಂಜೆಯೊಳಗೆ ಗುಂಪಿನ ವ್ಯವಸ್ಥೆ ಬದಲಾಯಿತು: ಇನ್ನು ಮುಂದೆ ಸಂದೇಶ ಕಳುಹಿಸುವ ಅಧಿಕಾರ ಅಡ್ಮಿನ್‌ಗಳಿಗೆ ಮಾತ್ರ. ಗುಂಪಿನ ಹೆಸರು ಮಾತ್ರ ಹಾಗೆಯೇ ಇದೆ, ‘ಸಹಭಾಗಿತ್ವ ಕಲಿಕಾ ವೇದಿಕೆ’.

ಕಾರ್ಯಾಗಾರದ ಮೌಲ್ಯಮಾಪನ ಆನ್‌ಲೈನ್‌ನಲ್ಲೇ ನಡೆಯಿತು. ಉತ್ತರಗಳು ಪ್ರಶ್ನೆಗಳಿಗಿಂತ ಮೊದಲೇ ಮೊಬೈಲ್‌ಗಳನ್ನು ತಲುಪಿದ್ದವು. ಇಡೀ ಕಾರ್ಯಾಗಾರದಲ್ಲಿ ಸಹಭಾಗಿತ್ವ ಎಂಬುದು ಕಂಡದ್ದು ಅದೊಂದರಲ್ಲೇ. ಹಲ್ಮಿಡಿ ಶಾಸನದ ಕಾಲ ಯಾವುದು ಎಂಬ ಪ್ರಶ್ನೆಗೆ ನಾಲ್ಕು ಆಯ್ಕೆಗಳಿದ್ದವು. ‘ಕಲ್ಲಿನಲ್ಲಿ ನಮೂದಾಗಿಲ್ಲ’ ಎಂಬುದು ಅವುಗಳಲ್ಲಿ ಇರಲಿಲ್ಲ. ಹುಡುಗಿ 450ರ ಮೇಲೆ ಒತ್ತಿದಳು. ಇ–ಪ್ರಮಾಣಪತ್ರ ತಕ್ಷಣ ಬಂತು: ‘ವಿಮರ್ಶಾತ್ಮಕ ಚಿಂತನೆ – ಅತ್ಯುತ್ತಮ’.