ದುಬಾರಿ ಉಕ್ಕು ಮತ್ತು ಸೈಕಲ್ ಚೌಕಟ್ಟಿನ ಬಿಗಿತ: ಸ್ಪಷ್ಟನೆ

ಸವಾರರ ಅಳತೆಗೆ ತಕ್ಕಂತೆ ಕೈಯಿಂದ ಕಟ್ಟುವ ಸೈಕಲ್ಲಿಗೆ ದುಬಾರಿ ಮಿಶ್ರಲೋಹದ ಉಕ್ಕನ್ನು ಬಳಸಿದರೆ ಚೌಕಟ್ಟು ತಾನಾಗಿಯೇ ಹೆಚ್ಚು ಬಿಗಿಯಾಗುತ್ತದೆ (ಅಂದರೆ ಕಡಿಮೆ ಬಳುಕುತ್ತದೆ) ಎಂಬ ಮಾತು ಹರಡಿದೆ, ಅದು ಸರಿಯಲ್ಲ. ಸಾಧಾರಣ ಉಕ್ಕಾಗಲಿ, ಬರ್ಮಿಂಗ್‌ಹ್ಯಾಮ್‌ನ ರೆನಾಲ್ಡ್ಸ್ ಕಂಪನಿ 1935ರಲ್ಲಿ ತಂದ 531 ಎಂಬ ಮಿಶ್ರಲೋಹದ ಉಕ್ಕಾಗಲಿ, ಯಂಗ್ ಗುಣಾಂಕ (ವಸ್ತು ಎಷ್ಟು ಬಿಗಿ ಎಂಬುದರ ಅಳತೆ) ಸುಮಾರು 200 ಗಿಗಾಪ್ಯಾಸ್ಕಲ್‌ನ ಆಸುಪಾಸಿನಲ್ಲೇ ಇರುತ್ತದೆ. ಮಿಶ್ರಲೋಹದಿಂದ ಹೆಚ್ಚುವುದು ಬಲ, ಅಂದರೆ ಮುರಿಯದೆ, ಶಾಶ್ವತವಾಗಿ ಬಾಗದೆ ಭಾರ ತಾಳುವ ಶಕ್ತಿ. ಅದನ್ನು ನಂಬಿಯೇ ತಯಾರಕರು ಕೊಳವೆಯ ಗೋಡೆಯನ್ನು, ಬೆಸುಗೆಯ ಶಾಖ ತಾಗುವ ತುದಿಗಳಲ್ಲಿ ದಪ್ಪವಾಗಿ ಉಳಿಸಿ, ನಡುವೆ 0.6 ಮಿಲಿಮೀಟರಿಗೋ ಅದಕ್ಕೂ ಕಡಿಮೆಗೋ ಇಳಿಸುತ್ತಾರೆ. ವ್ಯಾಸ ಬದಲಾಗದಿದ್ದರೆ ಅಂಥ ಕೊಳವೆ ಹಗುರವಾಗುವುದರ ಜೊತೆಗೆ ತುಸು ಹೆಚ್ಚೇ ಬಳುಕುತ್ತದೆ (ಕೆಲವು ಸವಾರರು ಮೆಚ್ಚುವುದೂ ಇದನ್ನೇ). ಬಿಗಿತವೇ ಬೇಕಾದವರು ಉಕ್ಕಿನ ಹೆಸರಿಗಿಂತ ಮೊದಲು ಹೊರವ್ಯಾಸವನ್ನು ವಿಚಾರಿಸಬೇಕು: ಗೋಡೆಯ ದಪ್ಪ ಅಷ್ಟೇ ಇದ್ದು ವ್ಯಾಸ 25.4ರಿಂದ 28.6 ಮಿಲಿಮೀಟರಿಗೆ ಏರಿದರೆ ಬಾಗುವಿಕೆಗೆ ಒಡ್ಡುವ ಪ್ರತಿರೋಧ ಶೇ 40ಕ್ಕೂ ಹೆಚ್ಚು ಏರುತ್ತದೆ.